ರಾಜಿ ಹುಡುಗಿಯ ಕಥೆ ಹೇಳುತ್ತಿದ್ದ ಅಕ್ಕೋರು

ಅಕ್ಕೋರು ತೀರಿಕೊಂಡ ಸುದ್ದಿ ಬಂದಾಗ ನಾನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ. ಫೋನು ತೊಡೆಯ ಮೇಲಿತ್ತು. ಅವರ ಯಜಮಾನರ ಹೆಸರು, ಅದರ ಕೆಳಗೆ ಎರಡು ಸಾಲು. ಓದಿದೆ. ನೋವಾಗುತ್ತಿದೆಯೇ ಎಂದು ಡಾಕ್ಟರು ಕೇಳಿದರು. ನನ್ನ ಬಾಯಲ್ಲಿ ಅವರ ಕೈಯಿದ್ದುದರಿಂದ ಹೌದೆಂದು ತಲೆಯಾಡಿಸಿದೆ. ಅವರು ಇನ್ನೊಂದು ಇಂಜೆಕ್ಷನ್ ಕೊಟ್ಟರು. ಹೀಗಾಗಿ ಆ ಸಂಜೆಯವರೆಗೂ ನನ್ನ ಅರ್ಧ ಮುಖಕ್ಕೆ ಏನೂ ಗೊತ್ತಾಗಲಿಲ್ಲ.

ಅವರಿಗೆ ಹೆಸರಿತ್ತು. ನಾವು ಯಾರೂ ಅದನ್ನು ಬಳಸಲಿಲ್ಲ. ಧಾರವಾಡದ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆಂದು ಅವರೇ ಮಕ್ಕಳಿಗೆ ಹೇಳಿಕೊಟ್ಟರು. ಮಕ್ಕಳು ಅದನ್ನೇ ಹೆಸರೆಂದುಕೊಂಡರು. ಮಕ್ಕಳಿಂದ ನಮಗೆ ಬಂತು. ನಮ್ಮಿಂದ ಅವರ ಯಜಮಾನರಿಗೂ ಅಂಟಿತು. ಕೊನೆಗೆ ಅವರೂ ಹೆಂಡತಿಯನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಅಮೆರಿಕದಲ್ಲಿ, ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ. ಡಾಟ್‌ಕಾಮ್ ಕಾಲ. ಆ ಕಾಂಪ್ಲೆಕ್ಸಿನಲ್ಲಿದ್ದವರೆಲ್ಲ ಬರುವ ವರ್ಷ ಶ್ರೀಮಂತರಾಗುವವರು. ಸದ್ಯಕ್ಕೆ ಮಾತ್ರ ವಾಷಿಂಗ್ ಮೆಷಿನ್ನಿಗೆ ಸಾಲು ನಿಲ್ಲುತ್ತಿದ್ದೆವು. ನೀಲಿ ಇಳಕಲ್ ಸೀರೆ ಉಟ್ಟ ಒಬ್ಬ ಹೆಂಗಸು ಮೆಷಿನ್ನಿನ ಮೇಲೆ ದಪ್ಪ ಪುಸ್ತಕವಿಟ್ಟುಕೊಂಡು ನಿಂತೇ ಓದುತ್ತಿದ್ದರು. ಮೆಷಿನ್ನು ಎಂದೋ ನಿಂತಿತ್ತು.

"ನಿಮ್ಮ ವಾಷ್ ಮುಗಿದಿದೆ ಅನ್ಸುತ್ತೆ," ಎಂದೆ.

"ತಡೀರಿ ಸ್ವಲ್ಪ," ಎಂದರು ತಲೆ ಎತ್ತದೆ. "ಇಲ್ಲೆ ಒಬ್ಬಾಕಿ ಗಂಡ ಈಗಷ್ಟೇ ಸತ್ತಾನ."

ನನಗೆ ಗಾಬರಿಯಾಯಿತು. "ಯಾರ ಗಂಡ? ನಮ್ಮ ಬಿಲ್ಡಿಂಗಲ್ಲಾ?"

"ಅಲ್ರಿ, ಐರ್ಲೆಂಡಿನ್ಯಾಗ. ಒಂಬೈನೂರು ವರ್ಷ ಆತು."

"ಮತ್ತೆ ಈಗಷ್ಟೇ ಅಂದ್ರಿ?"

"ನನಗ ಈಗಷ್ಟೇ ಗೊತ್ತಾತಲ್ರಿ," ಎಂದು ಆ ಪುಟ ಮುಗಿಸಿ, ಒದ್ದೆ ಬಟ್ಟೆ ಬುಟ್ಟಿಗೆ ತುಂಬಿಕೊಂಡು ಹೋದರು.

ಸತ್ತವನು ನಾರ್ವೆಯ ಒಬ್ಬ ರಾಜ. ಅವನ ಹೆಂಡತಿ ಸ್ವೀಡನ್ನಿನ ರಾಜನ ಮಗಳು. ಮುಂದೆ ಎರಡು ವರ್ಷ ಈ ರಾಣಿ ನಮ್ಮ ನಡುವೆ ಯಾರೋ ನೆಂಟರ ಹೆಣ್ಣುಮಗಳಂತೆ ಓಡಾಡಿಕೊಂಡಿದ್ದಳು.

ಅಕ್ಕೋರು ಧಾರವಾಡದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದವರು. ನಲವತ್ತರ ಹತ್ತಿರದ ವಯಸ್ಸು. ಗಂಡನ ವೀಸಾದ ಮೇಲೆ ಬಂದ ಹೆಂಡತಿಯರು ಇಲ್ಲಿ ದುಡಿಯುವ ಹಾಗಿರಲಿಲ್ಲ. ಓದಬಹುದಿತ್ತು, ಮಾಲಿಗೆ ಹೋಗಬಹುದಿತ್ತು. ಅಕ್ಕೋರು ಊರಿನ ಲೈಬ್ರರಿಗೆ ಹೋದರು. ಇಸ್ತ್ರಿ ಮಾಡಿದ ಸೀರೆ, ಊಟದ ಡಬ್ಬಿ, ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಹಾಜರು. ಅಲ್ಲಿಯ ಕೆಲಸದವರೇ ಇರಬೇಕೆಂದು ಜನ ಅವರನ್ನು ತೆರಿಗೆಯ ಪುಸ್ತಕ ಎಲ್ಲಿದೆ, ಟಾಯ್ಲೆಟ್ ಎಲ್ಲಿದೆ ಎಂದು ಕೇಳುತ್ತಿದ್ದರು. ಇವರು ಹೇಳುತ್ತಿದ್ದರು. ಇತಿಹಾಸದ ಕಪಾಟನ್ನು ಬಲಗಡೆಯಿಂದ ಓದಲು ಶುರುಮಾಡಿದ್ದರು, ಏಕೆಂದರೆ ಎಡಗಡೆ ಎಸಿ ಜೋರಿತ್ತು. ಹಾಗೆ ಸ್ಕ್ಯಾಂಡಿನೇವಿಯ ಸಿಕ್ಕಿತು.

"ಗಂಡಂದಿರಿಗೆ ಒಂದೊಂದು ಅಧ್ಯಾಯ ಕೊಟ್ಟಾರ," ಎಂದು ಒಮ್ಮೆ ರಾಣಿಯ ಪರವಾಗಿ ದೂರಿದರು. "ಈಕೀಗೆ ಎರಡು ಅಲ್ಪವಿರಾಮದ ನಡುವಿನ ಜಾಗ. ಅಷ್ಟರಾಗ ಒಮ್ಮೆ ಗಂಡನ್ನ ಕಳಕೋತಾಳ, ಮತ್ತೊಮ್ಮೆ ಲಗ್ನ ಆಗ್ತಾಳ. ಉಸಿರಾಡ್ಲಿಕ್ಕೂ ಬಿಟ್ಟಿಲ್ಲ."

ಏನಾದರೂ ಕಷ್ಟದ ಮಾತು ಹೇಳುವ ಮೊದಲು ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಕನ್ನಡಕ ಕೈಗೆ ಬಂತೆಂದರೆ ಎದುರಿಗಿದ್ದವರು ನೆಟ್ಟಗೆ ಕೂರುವುದು ಒಳ್ಳೆಯದು. ಎಂದೂ ದನಿ ಏರಿಸಿದವರಲ್ಲ. ಕಾರಿನಲ್ಲಿ ಶೇಂಗಾ ಚಟ್ನಿಪುಡಿಯ ಪೊಟ್ಟಣ ಬಿಚ್ಚಿ ಬರೀ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನನ್ನ ಕಾರಿನ ಸೀಟಿನ ಸಂದಿಯಲ್ಲಿ ಆ ಪುಡಿ ವರ್ಷಗಟ್ಟಲೆ ಇತ್ತು.

ನನ್ನ ಕಾರಿನಲ್ಲಿ ಅವರು ಬರುತ್ತಿದ್ದದ್ದು ಭಾನುವಾರದ ಕನ್ನಡ ಕ್ಲಾಸಿಗೆ. ನಾನು ಮಂಡ್ಯದ ಕಡೆಯವಳು. ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುತ್ತಿದ್ದೆ. ಎಂಟು ವರ್ಷದ ಮಗಳು ಸಿಂಚನಾ ಕನ್ನಡ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ನಮ್ಮ ಕನ್ನಡ ಬಳಗದ ಅಧ್ಯಕ್ಷರು ಕೊಲ್ಲಿಯಾಚೆ ನೆವಾರ್ಕಿನ ತಮ್ಮ ಮನೆಯ ಗರಾಜಿನಲ್ಲಿ ಕ್ಲಾಸು ನಡೆಸುತ್ತಿದ್ದರು. ಹಾಸನದವರು, ಒಳ್ಳೆಯವರು, ಎಲ್ಲದಕ್ಕೂ ಒಂದು ಕಮಿಟಿ ಮಾಡುವವರು. ಕಲಿಸುತ್ತಿದ್ದವರು ಕೆಲಸ ಬದಲಾಯಿಸಿ ಟೆಕ್ಸಾಸಿಗೆ ಹೋದಾಗ ನಾನು ಅಕ್ಕೋರ ಹೆಸರು ಹೇಳಿದೆ. ಪ್ರತಿ ಭಾನುವಾರ ಬೆಳಿಗ್ಗೆ ಅವರನ್ನೂ ಸಿಂಚನಾಳನ್ನೂ ಕೂರಿಸಿಕೊಂಡು ಡಂಬಾರ್ಟನ್ ಸೇತುವೆ ದಾಟುವುದು ನನ್ನ ಪಾಲಿಗೆ ಬಂತು.

ಅಲ್ಲಿಯವರೆಗೆ ಮಕ್ಕಳು ಅ ಅರಸ, ಆ ಆನೆ ಎಂದು ಬರೆಯುತ್ತಿದ್ದರು. ನೆವಾರ್ಕಿನಲ್ಲಿ ಎರಡೂ ಇರಲಿಲ್ಲ. ಅಕ್ಕೋರು ಮೊದಲ ದಿನ ಹೋಗಿ ಮಕ್ಕಳ ಮುಖ ನೋಡಿದರು, ಸೀಮೆಸುಣ್ಣ ಕೆಳಗಿಟ್ಟರು.

"ಒಬ್ಬ ರಾಜಕುಮಾರಿ ಇದ್ಳು. ಆಕೀ ಅಪ್ಪಗೂ ಬಾಜೂ ದೇಶದ ರಾಜಗೂ ದೊಡ್ಡ ಜಗಳ. ಊರು ಸುಟ್ಟು ಸುಟ್ಟು ಇಬ್ಬರಿಗೂ ಸಾಕಾತು. ಕಡೀಕ ಮೂರನೇ ದೇಶದ ರಾಜನ್ನೂ ಕರಕೊಂಡು ಒಂದು ನದೀ ದಂಡೀಗೆ ಕೂತು ರಾಜಿ ಮಾಡಿಕೊಂಡ್ರು. ರಾಜಿ ಆತು ಅಂತ ಗೊತ್ತಾಗಬೇಕಲ್ಲ? ಅದಕ್ಕ ಈ ಹುಡುಗೀನ್ನ ಬಾಜೂ ರಾಜಗ ಕೊಟ್ರು."

ಆ ರಾಣಿಯನ್ನು ಅವಳ ಕಾಲದ ಜನ ಶಾಂತಿಯ ಹುಡುಗಿ ಎಂದು ಕರೆಯುತ್ತಿದ್ದರಂತೆ. ಅಕ್ಕೋರು ಅದನ್ನು ಕನ್ನಡಕ್ಕೆ ತಂದು ರಾಜಿ ಹುಡುಗಿ ಎಂದರು. ಮಕ್ಕಳು ಅವಳ ಹೆಸರೇ ರಾಜಿ ಎಂದುಕೊಂಡರು. ಕ್ಲಾಸಿನಲ್ಲಿ ರಾಜೇಶ್ವರಿ ಎಂಬ ಹುಡುಗಿಯೊಬ್ಬಳಿದ್ದಳು. ಅವಳಿಗೆ ವಿಶೇಷ ಮರ್ಯಾದೆ ಸಿಗತೊಡಗಿತು.

ಅಕ್ಕೋರದು ಒಂದೇ ನಿಯಮ. ಪ್ರಶ್ನೆ ಕನ್ನಡದಲ್ಲಿದ್ದರೆ ಉತ್ತರ. ಇಂಗ್ಲಿಷಿನಲ್ಲಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತದೆ.

"ಡಿಡ್ ಶಿ ಲೈಕ್ ಹಿಮ್?" ಎಂದಳು ಸಿಂಚನಾ.

ಅಕ್ಕೋರು ಗರಾಜಿನ ಮೂಲೆಯಲ್ಲಿದ್ದ ಹುಲ್ಲು ಕತ್ತರಿಸುವ ಮೆಷಿನ್ನನ್ನು ನೋಡುತ್ತ ನಿಂತರು.

"ಅವಳು ಅವನನ್ನ... ಲೈಕ್ ಮಾಡಿದಾ?"

"ಮಾಡಿದಳಾ ಅನ್ನು."

"ಲೈಕ್ ಮಾಡಿದಳಾ?"

"ಯಾರೂ ಕೇಳಿಲ್ಲವ್ವಾ ಆಕೀನ್ನ. ಒಂಬೈನೂರು ವರ್ಷದಾಗ ನೀನೇ ಮೊದಲನೇದಾಕಿ."

ಸಿಂಚನಾ ವಾಪಸು ಬರುವಾಗ ಕಾರಿನಲ್ಲಿ ಬಹಳ ಗಂಭೀರವಾಗಿ ಕೂತಿದ್ದಳು.

ಮಕ್ಕಳ ಕನ್ನಡ ಕೆಲವೇ ತಿಂಗಳಲ್ಲಿ ಹರಿಯತೊಡಗಿತು. ಧಾರವಾಡದ ಕಡೆಗೇ ಹರಿಯಿತೆನ್ನಿ. ಹಾಸನ ಮಂಡ್ಯದವರ ಮಕ್ಕಳು "ಹೌದೇನ್ರಿ", "ಭಾಳ ಛಲೋ ಆತು" ಎನ್ನತೊಡಗಿದರು. ಗಂಡುಮಕ್ಕಳಿಗೆ ಮೊದಲ ರಾಜ ಇಷ್ಟವಾದ. ಅವನ ಅಡ್ಡಹೆಸರು ಬರಿಗಾಲ. ಪಡುವಣ ದ್ವೀಪದವರ ಗಿಡ್ಡ ಉಡುಪು ಹಾಕಿಕೊಂಡು ಕಾಲು ಬಿಟ್ಟುಕೊಂಡು ತಿರುಗುತ್ತಿದ್ದನಂತೆ. ಪ್ಯಾಂಟು ಹಾಕದ ರಾಜ ಎಂದು ಅವರು ವಾರಗಟ್ಟಲೆ ನಕ್ಕರು. ಅವನು ಮದುವೆಯಾಗಿ ಸ್ವಲ್ಪ ಕಾಲಕ್ಕೇ ಐರ್ಲೆಂಡಿಗೆ ದಂಡು ಕಟ್ಟಿಕೊಂಡು ಹೋಗಿ ಅಲ್ಲೇ ಸತ್ತ. ಆ ವಾರ ನಗಲಿಲ್ಲ.

ತೊಂದರೆ ಶುರುವಾದದ್ದು ಮನೆಗಳಲ್ಲಿ. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಸಿಂಚನಾ ಅಚ್ಚ ಕನ್ನಡದಲ್ಲಿ ಕೇಳಿದಳು: "ಅಮ್ಮಾ, ನಿನ್ನನ್ನ ಯಾವ ಜಗಳ ನಿಲ್ಲಿಸೋಕೆ ಕೊಟ್ಟರು?"

"ಜಗಳ ಶುರುವಾಗಿದ್ದೇ ಕೊಟ್ಟಮೇಲೆ," ಎಂದರು ನನ್ನ ಗಂಡ, ಸಾರು ಬಡಿಸಿಕೊಳ್ಳುತ್ತ.

ಅಧ್ಯಕ್ಷರ ಮನೆಯಲ್ಲಿ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ಊರಿನಿಂದ ಬಂದಿದ್ದ ಅವರ ತಾಯಿಯನ್ನು ಮೊಮ್ಮಗ ವಿಚಾರಿಸಿಕೊಂಡ: "ಅಜ್ಜಿ, ನಿಮ್ಮ ಮೊದಲನೇ ಗಂಡ ಯಾರ್ರೀ?" ಅಜ್ಜಿ ಆ ರಾತ್ರಿ ಊಟ ಮಾಡಲಿಲ್ಲವಂತೆ. ಶನಿವಾರಕ್ಕೆ ಕಮಿಟಿ ಮೀಟಿಂಗು ಕರೆದರು.

ಅಧ್ಯಕ್ಷರ ಮನೆಯ ಹಜಾರದಲ್ಲಿ ಉಪ್ಪಿಟ್ಟು, ಕಾಫಿ. ಅಕ್ಕೋರು ಯಜಮಾನರ ಜೊತೆ ಬಂದಿದ್ದರು. ಯಜಮಾನರು ದೊಡ್ಡಬಳ್ಳಾಪುರದ ಕಡೆಯವರು, ಕಂಪ್ಯೂಟರ್ ಚಿಪ್ ಡಿಸೈನ್ ಮಾಡುವ ಎಂಜಿನಿಯರು. ಯಾವ ಕೂಟದಲ್ಲೂ ಜಾಗ ಮಾಡಿಕೊಡಲು ಕುರ್ಚಿಯನ್ನು ಹಿಂದೆ ಹಿಂದೆ ಸರಿಸಿಕೊಂಡು ಕೊನೆಗೆ ಗೋಡೆಗೆ ಅಂಟಿ ಕೂರುವ ಮನುಷ್ಯ. ಆ ದಿನವೂ ಹಾಗೇ ಕೂತಿದ್ದರು.

"ಮೇಡಂ, ತಪ್ಪು ತಿಳ್ಕೋಬೇಡಿ," ಎಂದರು ಅಧ್ಯಕ್ಷರು. "ಕಥೆ ಚೆನ್ನಾಗೇ ಇರಬಹುದು. ಆದ್ರೆ ಆಯಮ್ಮ ಎರಡು ಮದುವೆ ಆಗಿದ್ದಾಳಂತೆ. ನಾವು ಕ್ಲಾಸು ಮಾಡಿರೋದು ಮಕ್ಕಳಿಗೆ ನಮ್ಮ ಸಂಸ್ಕೃತಿ ಬರಲಿ ಅಂತ."

"ಹಳೇ ರಾಜರ ಕಥೀ ಹೇಳಿದಾಗ ಅವರಿಗೆ ಎಷ್ಟು ಮಂದಿ ಹೆಂಡ್ರು ಅಂತ ಯಾರೂ ಕೇಳಲಿಲ್ಲಲ್ರಿ."

"ಅದು ಬೇರೆ ಮೇಡಂ," ಎಂದರು ಒಬ್ಬಾಕೆ.

"ಹ್ಯಾಂಗ ಬ್ಯಾರೆ?"

ಆಕೆ ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕತೊಡಗಿದರು. ಅಧ್ಯಕ್ಷರು ಮೆತ್ತಗೆ ಮುಂದುವರಿಸಿದರು. "ನೀವೇ ಯೋಚನೆ ಮಾಡಿ. ನಿಮ್ಮಂಥ ಸಂಸಾರಸ್ಥರ ಬಾಯಲ್ಲಿ ಇಂಥದ್ದು ಬರಬಾರದು. ಹದಿನೈದು ವರ್ಷದ ದಾಂಪತ್ಯ ನಿಮ್ದು. ನಿಮ್ಮನ್ನ ಊರಲ್ಲಿ ಬಿಟ್ಟು ಸಾರ್ ಇಲ್ಲಿ ಒಬ್ಬರೇ ಎಷ್ಟು ಕಷ್ಟಪಟ್ಟರು, ನಾವೇ ಕಣ್ಣಾರೆ ನೋಡಿದ್ದೀವಲ್ಲ."

ಅಕ್ಕೋರು ತಿರುಗಿ ಯಜಮಾನರನ್ನು ನೋಡಿದರು. ಯಜಮಾನರು ಕಾಫಿ ಲೋಟವನ್ನು ನೋಡುತ್ತಿದ್ದರು. ಅಕ್ಕೋರು ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು.

"ಹದಿನೈದಲ್ರಿ. ಈ ಶ್ರಾವಣಕ್ಕ ಎರಡು ವರ್ಷ ಆಗ್ತಾವ. ಅದಕ್ಕೂ ಮೊದಲ ಆರು ವರ್ಷ ನಾ ಬ್ಯಾರೇದವರ ಹೆಂಡ್ತಿ ಇದ್ದೆ. ಅವರು ತೀರಿಕೊಂಡ್ರು. ಛಲೋ ಮನಷ್ಯಾ ಇದ್ರು."

ಅಧ್ಯಕ್ಷರ ಹೆಂಡತಿ ಎದ್ದು ಎಲ್ಲರಿಗೂ ಇನ್ನೊಮ್ಮೆ ಉಪ್ಪಿಟ್ಟು ಬಡಿಸಿದರು, ಬೇಡವೆಂದವರಿಗೂ. ಕ್ಲಾಸಿನ ವಿಷಯ ತೀರ್ಮಾನವಾಗದೆ ಮೀಟಿಂಗು ಮುಗಿಯಿತು.

ಮರುದಿನ ಭಾನುವಾರ. ಬರುತ್ತಾರೋ ಇಲ್ಲವೋ ಎಂದುಕೊಂಡೇ ಕೆಳಗೆ ಕಾರು ನಿಲ್ಲಿಸಿದೆ. ಅಕ್ಕೋರು ಎಂದಿನಂತೆ ಬಂದು ಕೂತರು. ಸಿಂಚನಾ ಹಿಂದಿನ ಸೀಟಿನಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದಳು. ಸೇತುವೆ ಹತ್ತುವ ಹೊತ್ತಿಗೆ ಅವರೇ ಶುರುಮಾಡಿದರು.

"ಸುಳ್ಳು ಹೇಳಿಲ್ಲಂತ ನಮ್ಮನಿಯವರು. ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ ಅಂದ್ರು."

ಯಜಮಾನರಿಗೂ ಇದು ಎರಡನೆಯ ಮದುವೆ ಎನ್ನುವುದು ನನಗೆ ಆಗಲೇ ತಿಳಿದದ್ದು. ಮೊದಲನೆಯಾಕೆ ಅಮೆರಿಕಕ್ಕೆ ಬರಲೊಪ್ಪದೆ ಡೈವೋರ್ಸ್ ತೆಗೆದುಕೊಂಡಿದ್ದರು. ಹೆಂಡತಿ ಊರಲ್ಲಿದ್ದಾಳೆ ಎಂದೇ ಇಲ್ಲಿಯ ಬಳಗ ತಿಳಿದಿತ್ತು, ಇವರು ತಿದ್ದಲಿಲ್ಲ. ಅಕ್ಕೋರು ಬಂದಿಳಿದಾಗ, ಪಾಪ, ಅಂತೂ ಬಂದರು ಎಂದು ಎಲ್ಲರೂ ಸಂತೋಷಪಟ್ಟರು. ಆಗಲೂ ತಿದ್ದಲಿಲ್ಲ.

"ತಮ್ಮದು ಮುಚ್ಚಿಟ್ಕೊಳ್ಳಿ, ನಾ ಏನೂ ಅನ್ನೂದಿಲ್ಲ. ನನ್ನ ಆರು ವರ್ಷ ಎಲ್ಲಿ ಇಟ್ರಿ ಅಂತ ಕೇಳಿದೆ."

ಆ ಆರು ವರ್ಷದ ಕಥೆಯನ್ನು ಅವರು ಆ ಸೇತುವೆಯ ಮೇಲೆ ಹೇಳಿದರು. ಹುಬ್ಬಳ್ಳಿಯ ಒಂದು ದೊಡ್ಡ ವಾಡೆ, ಅದನ್ನು ಹಂಚಿಕೊಂಡ ಎರಡು ಮನೆತನ, ನಡುವಿನ ಬಾವಿ ಯಾರದು ಎಂದು ಅಜ್ಜಂದಿರ ಕಾಲದ ಕೋರ್ಟು ಕಚೇರಿ. ಹಿರಿಯರು ಸೇರಿ ರಾಜಿ ಮಾಡಿಸಿದರು. ಈ ಮನೆಯ ಹುಡುಗಿಯನ್ನು ಆ ಮನೆಯ ಹುಡುಗನಿಗೆ ಕೊಟ್ಟರು. ಅಂಗಳ ದಾಟಿದರೆ ಗಂಡನ ಮನೆ. ಹುಡುಗ ಬ್ಯಾಂಕಿನಲ್ಲಿ ಗುಮಾಸ್ತ. ಮಾತು ಬಹಳ ಕಡಿಮೆ.

"ಮದುವ್ಯಾದಾಗ ನಂದು ಎಂ.ಎ. ಅರ್ಧಾ ಆಗಿತ್ತು. ಅತ್ತಿ ಮನ್ಯಾಗ ಓದಲಿಕ್ಕೆ ಪುರಸೊತ್ತೆಲ್ಲಿ? ನಾ ರೊಟ್ಟಿ ಬಡೀತಿದ್ದೆ, ಅವರು ಅಡಗೀಮನೀ ಹೊಸ್ತಿಲ ಮ್ಯಾಲೆ ಕೂತು ನನ್ನ ಪುಸ್ತಕ ಗಟ್ಟಿಯಾಗಿ ಓದೋರು. ದಿನಾ. ತಮ್ಮ ಮಾತು ಒಂದೂ ಇಲ್ಲ, ಬರೇ ಪುಸ್ತಕದ್ದು. ನಾ ಪಾಸಾದೆ. ಅವರು ಕಾಮಣಿ ಜಡ್ಡಾಗಿ ತೀರಿಹೋದ್ರು. ದಿನಕರ್ಮ ಮುಗಿಯೂದರಾಗ ಬಾವೀ ಖಟ್ಲೆ ಮತ್ತ ಶುರುವಾತು."

"ಅಯ್ಯೋ."

"ನಾ ತವರುಮನೀಗೆ ವಾಪಸ್ ಅಂಗಳ ದಾಟಿದಾಗ, ದೇವರ ಮನ್ಯಾಗಿನ ಬೆಳ್ಳಿ ಗಣಪತಿ ಕದ್ದಾಳ ಅಂದ್ರು. ರಾಜೀಗೂ ಹಂಗs ಅಂದಿದ್ರು. ಗಂಡ ಸತ್ತ ಮ್ಯಾಲೆ ನಾರ್ವೆ ಬಿಟ್ಟು ಹೊಂಟ್ಲಲ್ಲ, ಅವಾಗ ಅಲ್ಲೀ ಸಂತನ ಪವಿತ್ರ ಅವಶೇಷ ಕದ್ದು ಒಯ್ದಾಳ ಅಂತ ಹಬ್ಬಿಸಿದ್ರು."

"ನೀವು ಗಣಪತಿ ತಗೊಂಡಿದ್ರಾ?"

"ಹೌದ್ರಿ. ಅದು ನಮ್ಮವ್ವಂದು." ಚಟ್ನಿಪುಡಿಯ ಪೊಟ್ಟಣ ಬಿಚ್ಚುತ್ತ, "ಆಕೀನೂ ತಗೊಂಡಿರಬೇಕು ಅನಸ್ತದ," ಎಂದರು.

ಗರಾಜಿನಲ್ಲಿ ಅರ್ಧ ಮಕ್ಕಳೇ ಇದ್ದರು. ಅಧ್ಯಕ್ಷರು ಕಾಫಿ ಹಿಡಿದು ಮನೆಯ ಕಡೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರುವಂತೆಯೂ ಇಲ್ಲ, ಹೋಗುವಂತೆಯೂ ಇಲ್ಲ. ಅಕ್ಕೋರು ಮೊದಲ ಮಾತು ಆಡುವಷ್ಟರಲ್ಲಿ ಹೊರಗೆ ಒಂದು ಕಾರು ನಿಂತಿತು. ಅವರ ಯಜಮಾನರು ಇಳಿದು ಬಂದರು. ಕ್ಲಾಸಿಗೆ ಅವರು ಹಿಂದೆಂದೂ ಬಂದವರಲ್ಲ. ಕೂರಲು ಜಾಗವಿರಲಿಲ್ಲ. ಪೇಂಟಿನ ಡಬ್ಬಿಯೊಂದನ್ನು ಕವುಚಿ ಹಿಂದುಗಡೆ ಕೂತರು.

ಅಕ್ಕೋರು ಅವರನ್ನು ನೋಡಿದರು, ಕಥೆ ಮುಂದುವರಿಸಿದರು. ರಾಜಿ ಹುಡುಗಿಗೆ ಡೆನ್ಮಾರ್ಕಿನ ರಾಜನ ಕಡೆಯಿಂದ ಸಂಬಂಧ ಬರುತ್ತದೆ. ಅವನು ಮೆತ್ತಗಿನ ಮನುಷ್ಯ. ಜಗಳಕ್ಕಿಂತ ಊಟ ನಿದ್ದೆ ಇಷ್ಟ. ಆಕೆ ಯೋಚಿಸಿ ಒಪ್ಪುತ್ತಾಳೆ.

ಸಿಂಚನಾ ಹಿಂದಕ್ಕೆ ತಿರುಗಿ ಯಜಮಾನರನ್ನೇ ನೋಡುತ್ತಿದ್ದಳು. ಮಕ್ಕಳಿಗೆ ಎಲ್ಲ ಹೇಗೋ ಗೊತ್ತಾಗಿರುತ್ತದೆ. "ಅಂಕಲ್," ಎಂದಳು, "ನೀವು ಯಾವ ರಾಜ?"

ಬಾಗಿಲಲ್ಲಿದ್ದ ಅಧ್ಯಕ್ಷರು ಕಾಫಿ ಕುಡಿಯುವುದನ್ನು ನಿಲ್ಲಿಸಿದರು.

ಯಜಮಾನರು ಡಬ್ಬಿಯ ಮೇಲೆ ನೆಟ್ಟಗೆ ಕೂತರು. "ಎರಡನೆಯವನು," ಎಂದರು. ಅಷ್ಟಕ್ಕೆ ನಿಲ್ಲಿಸುತ್ತಾರೆಂದುಕೊಂಡೆ. ನಿಲ್ಲಿಸಲಿಲ್ಲ. "ಇವರ ಮೊದಲನೆಯವರು ಬ್ಯಾಂಕಲ್ಲಿದ್ರು. ತುಂಬಾ ಒಳ್ಳೆಯವರು. ದಿನಾ ಪುಸ್ತಕ ಓದಿ ಹೇಳ್ತಿದ್ರು. ನನಗೆ ಅಷ್ಟು ಚೆನ್ನಾಗಿ ಓದೋಕೆ ಬರಲ್ಲ. ನಂದೂ ಇದು ಎರಡನೇ ಮದುವೆನೇ."

ಅಕ್ಕೋರು ಹಲಗೆಯ ಕಡೆ ತಿರುಗಿಕೊಂಡರು. ಅಲ್ಲಿ ಬರೆದದ್ದು ಏನೂ ಇರಲಿಲ್ಲ, ಆದರೂ ಒರೆಸುವ ಬಟ್ಟೆ ತೆಗೆದುಕೊಂಡು ಚೆನ್ನಾಗಿ ಒರೆಸಿದರು. ಆಮೇಲೆ ಇತ್ತ ತಿರುಗದೆಯೇ, "ಕೈ ಎತ್ತದs ಯಾರೂ ಮಾತಾಡಬಾರದು. ದೊಡ್ಡವರೂ ಅಷ್ಟs," ಎಂದರು.

ಯಜಮಾನರು ಕೈ ಎತ್ತಿದರು. ಇನ್ನೇನೂ ಹೇಳುವುದಿರಲಿಲ್ಲವಾದ್ದರಿಂದ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು ಇಳಿಸಿದರು.

ಆಮೇಲೆ ಅವರು ಪ್ರತಿ ಭಾನುವಾರ ಬರತೊಡಗಿದರು. ಕ್ಲಾಸು ಬೇಡವೆಂದು ಯಾರೂ ಮತ್ತೆ ಹೇಳಲಿಲ್ಲ. ಬಿಟ್ಟುಹೋಗಿದ್ದ ಮಕ್ಕಳಲ್ಲಿ ಹೆಚ್ಚಿನವರು, ಮುಂದೆ ಏನಾಯಿತೆಂದು ಉಳಿದವರು ಶಾಲೆಯಲ್ಲಿ ಹೇಳದೆ ಸತಾಯಿಸಿದ್ದರಿಂದ, ತಾವಾಗಿ ಬಂದರು. ಅಜ್ಜಿಯೂ ಒಂದು ದಿನ ಬಂದು ಬಾಗಿಲ ಹತ್ತಿರ ಕೂತರು. ಡೆನ್ಮಾರ್ಕಿನ ಆಡಳಿತವನ್ನೆಲ್ಲ ರಾಣಿಯೇ ನೋಡಿಕೊಳ್ಳುತ್ತಿದ್ದಳು, ದೇಶದ ಲಗಾಮು ಹೆಂಗಸಿನ ಕೈಯಲ್ಲಿದೆ ಎಂದು ಹೊರಗಿನವರು ಆಡಿಕೊಳ್ಳುತ್ತಿದ್ದರು, ನಾಣ್ಯದ ಮೇಲೆ ರಾಜನ ಜೊತೆ ಅವಳ ಹೆಸರೂ ಇತ್ತು ಎಂದಾಗ ಅಜ್ಜಿ, "ಇರ್ಬೇಕು ಮತ್ತೆ," ಎಂದರು. ತವರಿನಿಂದ ತನಗೆ ಬಂದ ಆಸ್ತಿಯನ್ನು ಒಡಹುಟ್ಟಿದವರ ಹೆಣ್ಣುಮಕ್ಕಳಿಗೂ ಹಂಚಿದಳು ಎಂದಾಗ ಕೈಯ ಬಳೆ ತಿರುಗಿಸತೊಡಗಿದರು. ಯೋಚಿಸುತ್ತಿದ್ದಂತೆ ಕಂಡಿತು.

ಅಷ್ಟರಲ್ಲಿ ಡಾಟ್‌ಕಾಮ್ ಮುಳುಗಿತು. ಬರುವ ವರ್ಷ ಶ್ರೀಮಂತರಾಗುವವರೆಲ್ಲ ಈ ವರ್ಷ ಮನೆಯಲ್ಲಿ ಕೂತರು. ಬಾಗಿಲು ಮುಚ್ಚಿದ ಕಂಪನಿಗಳ ಸಾಮಾನು ಬೀದಿಗೆ ಬಂತು. ನಮ್ಮ ಗರಾಜಿಗೆ ಚಕ್ರದ ಒಳ್ಳೊಳ್ಳೆಯ ಕುರ್ಚಿಗಳು ಬಂದವು. ಮಕ್ಕಳು ಅದರಲ್ಲಿ ತಿರುಗುತ್ತ ಕಥೆ ಕೇಳಿದರು. ಅವರ ಅಪ್ಪಂದಿರು ಪಕ್ಕದಲ್ಲಿ ನಿಂತು ಯಾರು ಊರಿಗೆ ಹೊರಟರೆಂದು ಮಾತಾಡುತ್ತಿದ್ದರು.

ಅಕ್ಕೋರ ಯಜಮಾನರ ಕೆಲಸವೂ ಹೋಯಿತು. ಕೆಲಸ ಹೋದರೆ ವೀಸಾ ಹೋಗುತ್ತದೆ. ವೀಸಾ ಹೋದರೆ ಇಬ್ಬರೂ ಹೊರಡಬೇಕು. ಬೆಂಗಳೂರಿನಲ್ಲಿ ಯಜಮಾನರಿಗೆ ಅವರ ತಮ್ಮ ಒಂದು ಕೆಲಸ ನೋಡಿಟ್ಟಿದ್ದ. ಇತ್ತ ಅಕ್ಕೋರು ಹತ್ತಿರದ ಕಾಲೇಜೊಂದರಲ್ಲಿ ಮಧ್ಯಯುಗದ ಯುರೋಪಿನ ಪಾಠಕ್ಕೆ ಹೋಗುತ್ತಿದ್ದರು. ಅಲ್ಲಿ ಕಲಿಸುತ್ತಿದ್ದ ಮುದುಕಿಯೊಬ್ಬರು ಇವರಿಂದ ಎರಡು ಮೂರು ಕಡೆ ಅರ್ಜಿ ಹಾಕಿಸಿದ್ದರು. ಉತ್ತರದಲ್ಲಿ, ವರ್ಷದ ಅರ್ಧ ಹಿಮ ಬೀಳುವ ಒಂದು ರಾಜ್ಯದ ಯೂನಿವರ್ಸಿಟಿ, ಬನ್ನಿ, ರಾಣಿಯ ಮೇಲೆ ಪಿಎಚ್‌ಡಿ ಮಾಡಿ, ಜೊತೆಗೆ ಹುಡುಗರಿಗೆ ಪಾಠ ಮಾಡಿ, ಸಂಬಳ ಕೊಡುತ್ತೇವೆ ಎಂದಿತು.

ಹೋದರೆ ವೀಸಾ ಅಕ್ಕೋರದಾಗುತ್ತದೆ. ಯಜಮಾನರು ಅದರ ಮೇಲೆ ಡಿಪೆಂಡೆಂಟು. ಅವರು ದುಡಿಯುವ ಹಾಗಿಲ್ಲ.

ಅಕ್ಕೋರು ಇದನ್ನು ನನಗೆ ಲಾಂಡ್ರಿ ರೂಮಿನಲ್ಲಿ ಹೇಳಿದರು. "ನಾ ಬರ್ರಿ ಅನ್ನೂದಿಲ್ಲ. ನನ್ನ ಒಮ್ಮೆ ಹಂಗ ಅಂಗಳಾ ದಾಟಿಸ್ಯಾರ. ಇನ್ನೊಬ್ಬರನ್ನ ನಾ ದಾಟಿಸೂದಿಲ್ಲ. ಅವರs ಹೇಳಲಿ." ಆಮೇಲೆ ಕನ್ನಡಕ ತೆಗೆದು ಒರೆಸುತ್ತ ನಿಂತರು, ಆದರೆ ಏನೂ ಹೇಳಲಿಲ್ಲ. ಅವರು ಕನ್ನಡಕ ಒರೆಸಿ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬೇಡವೆಂದುಬಿಟ್ಟರೆ ಏನು ಮಾಡುವುದೆಂದು ಅವರಿಗೂ ಗೊತ್ತಿರಲಿಲ್ಲ.

ವಾರಗಟ್ಟಲೆ ಯಜಮಾನರು ಏನೂ ಹೇಳಲಿಲ್ಲ. ಅಧ್ಯಕ್ಷರು ಅವರನ್ನು ಪಕ್ಕಕ್ಕೆ ಕರೆದು, "ಸಾರ್, ಈ ವಯಸ್ಸಲ್ಲಿ ಹೆಂಡತಿ ಹಿಂದೆ? ಊರಲ್ಲಿ ಏನಂತಾರೆ?" ಎಂದದ್ದು ನನ್ನ ಕಿವಿಗೂ ಬಿತ್ತು. ಯಜಮಾನರು ತಲೆಯಾಡಿಸಿದರು, ಅವರು ಎಲ್ಲದಕ್ಕೂ ತಲೆಯಾಡಿಸುವವರು.

ಒಂದು ದಿನ ಪಾರ್ಕಿಂಗಿನಲ್ಲಿ ಅವರ ಕಾರಿನ ಡಿಕ್ಕಿ ತೆರೆದಿತ್ತು. ಒಳಗೆ ಹಿಮ ಗುಡಿಸುವ ಎರಡು ಸಲಿಕೆ. ಮೌಂಟನ್ ವ್ಯೂನಲ್ಲಿ ಹಿಮದ ಸಲಿಕೆ ಎಲ್ಲಿ ಸಿಕ್ಕಿತೋ ಕಾಣೆ.

"ಹೊರಟ್ರಾ ಸಾರ್?" ಎಂದೆ.

"ನನಗೆ ಅಡುಗೆ ಬರುತ್ತೆ," ಎಂದರು. "ಅವರಿಗೆ ಕಾರು ಓಡಿಸೋಕೆ ಬರಲ್ಲ. ಒಬ್ಬರೇ ಹೋದ್ರೆ ಆ ಚಳಿಯಲ್ಲಿ ಬಸ್ಸಿಗೆ ನಿಲ್ಲಬೇಕು." ಅಷ್ಟೇ. ತ್ಯಾಗ, ಪ್ರೀತಿ, ಸಮಾನತೆ ಯಾವ ಮಾತೂ ಬರಲಿಲ್ಲ.

"ಎರಡು ಸಲಿಕೆ ಯಾಕೆ?"

"ಒಂದು ಮುರಿದ್ರೆ?"

ಕೊನೆಯ ಭಾನುವಾರ ಗರಾಜು ತುಂಬಿತ್ತು. ಅಕ್ಕೋರು ಕಥೆಯನ್ನು ಮುಗಿಸಿದರು. ರಾಣಿ ಕಾಯಿಲೆ ಬೀಳುತ್ತಾಳೆ. ಅವಳ ಮಗನಿಗೂ ಗಂಡನ ಅಣ್ಣನ ಮಗನಿಗೂ ಮುಂದೆ ಪಟ್ಟ ಯಾರದೆಂಬ ಪೈಪೋಟಿ. ಹಾಸಿಗೆಯಲ್ಲೇ ಆ ಅಣ್ಣನ ಮಗನನ್ನು ಕರೆಸಿ, ಮನೆಯೊಳಗೆ ಜಗಳ ಬರದ ಹಾಗೆ ನೋಡಿಕೋ ಎಂದು ಕೇಳಿಕೊಳ್ಳುತ್ತಾಳೆ. ಅವನು ಮಾತು ಕೊಡುತ್ತಾನೆ. ಅವಳು ಸಾಯುತ್ತಾಳೆ. ಸ್ವಲ್ಪ ಕಾಲಕ್ಕೇ ಅವಳ ಸ್ವಂತ ಮಗ ಅವನನ್ನು ಕಾಡಿಗೆ ಕರೆಸಿ ಕೊಲ್ಲುತ್ತಾನೆ. ಯುದ್ಧ ಶುರುವಾಗುತ್ತದೆ. ಮಗನೂ ಸಾಯುತ್ತಾನೆ, ಮೆತ್ತಗಿನ ರಾಜನೂ ಸಾಯುತ್ತಾನೆ.

ಕುರ್ಚಿಗಳು ತಿರುಗುವುದು ನಿಂತಿತ್ತು.

"ಹಾಗಾದ್ರೆ ರಾಜಿ ಸೋತಳಾ?" ಎಂದಳು ಸಿಂಚನಾ. ಪ್ರಶ್ನೆ ಪೂರ್ತಿ ಕನ್ನಡದಲ್ಲಿತ್ತು, ಉತ್ತರ ಕೊಡಲೇಬೇಕಿತ್ತು.

"ಆಕೀ ಇರೂತನಕ ಆ ಮನ್ಯಾಗ ಯಾರೂ ಯಾರನ್ನೂ ಕೊಲ್ಲಲಿಲ್ಲವ್ವಾ. ಯುದ್ಧ ಇಲ್ಲದ ವರ್ಷದ ಬಗ್ಗೆ ಪುಸ್ತಕದಾಗ ಏನೂ ಬರಿಯೂದಿಲ್ಲ. ಖಾಲಿ ಬಿಟ್ಟಿರ್ತಾರ. ಆ ಖಾಲೀ ಜಾಗ ಎಲ್ಲಾ ಆಕೀದು."

ಬಹಳ ಮಕ್ಕಳು ಅತ್ತರು. ಆಮೇಲೆ ಪಿಜ್ಜಾ ಬಂತು.

ಆ ಖಾಲಿ ಜಾಗದ ಮೇಲೆ ಅವರು ಪಿಎಚ್‌ಡಿ ಮಾಡಿದರು. ಅಲ್ಲಿಯೇ ಹತ್ತಿರದ ಸಣ್ಣ ಊರೊಂದರ ಕಾಲೇಜಿನಲ್ಲಿ ಪ್ರೊಫೆಸರಾದರು. ಆ ಊರಿನವರು ಹೆಚ್ಚಾಗಿ ನಾರ್ವೆ, ಸ್ವೀಡನ್ ಮೂಲದವರು. ಅವರ ರಾಣಿಯ ಕಥೆಯನ್ನು ಅವರಿಗೆ ಧಾರವಾಡದ ಹೆಂಗಸೊಬ್ಬರು ಹೇಳಿಕೊಟ್ಟರು, ಅವರು ಬಹಳ ವಿಧೇಯರಾಗಿ ಕೇಳಿದರಂತೆ. ಯಜಮಾನರು ಕೆಲವು ವರ್ಷ ಮನೆ ನೋಡಿಕೊಂಡರು, ಕಾಗದಪತ್ರ ಸರಿಯಾದ ಮೇಲೆ ಅದೇ ಕಾಲೇಜಿನ ಕಂಪ್ಯೂಟರುಗಳನ್ನು ನೋಡಿಕೊಂಡರು. ನಾವು ಒಂದು ಬೇಸಿಗೆಯಲ್ಲಿ ಹೋಗಿದ್ದೆವು. ಯಜಮಾನರು ರೊಟ್ಟಿ ಬಡಿದರು. ರೊಟ್ಟಿ ನಕ್ಷೆಯಂತಿತ್ತು, ರುಚಿ ಸರಿಯಾಗಿತ್ತು. ಅಕ್ಕೋರು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಯಜಮಾನರಿಗೇನೂ ಅರ್ಥವಾಗದ ಲ್ಯಾಟಿನ್ನನ್ನು ಗಟ್ಟಿಯಾಗಿ ಓದುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಅಕ್ಕೋರಿಗೆ ನ್ಯುಮೋನಿಯ ಬಂತು. ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ತೀರಿಕೊಂಡರು.

ಆ ಸಂಜೆ ನನಗೆ ಫೋನು ಮಾಡಲಾಗಲಿಲ್ಲ, ತುಟಿ ಮರಗಟ್ಟಿತ್ತು. ತುಟಿ ಸರಿಹೋದ ಮೇಲೂ ಕೆಲವು ದಿನ ಆಗಲಿಲ್ಲ. ಕೊನೆಗೆ ಒಂದು ಭಾನುವಾರ ಮಾಡಿದೆ. ಯಜಮಾನರು ಎಷ್ಟೋ ಹೊತ್ತು ಚಳಿಯ ವಿಷಯ, ಹೀಟರಿನ ವಿಷಯ ಹೇಳಿದರು. ದೊಡ್ಡಬಳ್ಳಾಪುರದ ಮಾತೆಲ್ಲ ಹೋಗಿ ಅವರ ಬಾಯಿ ಪೂರ್ತಿ ಧಾರವಾಡವಾಗಿತ್ತು. ಅದು ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ. ನಾನು ಹೇಳಲೂ ಇಲ್ಲ.

"ಒಬ್ಬರೇ ಅಲ್ಲಿ ಯಾಕಿರ್ತೀರಿ ಸಾರ್? ಇಲ್ಲಿಗೇ ಬಂದ್ಬಿಡಿ. ನಾವೆಲ್ಲ ಇದ್ದೀವಲ್ಲ," ಎಂದೆ.

"ಇಲ್ರಿ," ಎಂದರು. "ಇಲ್ಲೆ ಪೋಸ್ಟಿನವನಿಂದ ಹಿಡಿದು ಅಂಗಡಿಯಾಕೀತನಕ ಎಲ್ಲಾರಿಗೂ ನಾ ಪ್ರೊಫೆಸರ ಗಂಡ. ಅಲ್ಲಿಗೆ ಬಂದ್ರ, ನಾ ಯಾರು ಅಂತ ಮೊದಲಿಂದ ಹೇಳಬೇಕಾಗ್ತದ."

ಅತ್ತ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯಾಕೆ ಊಟ ತಂದಿರಬೇಕೆಂದು ಹೇಳಿ ಫೋನಿಟ್ಟರು.